‘ಸಿಕೊಫ್ಯಾಂಟ್’ ಶಬ್ದದ ಅರ್ಥಚರಿತ್ರೆ

ಸ್ವಾರ್ಥಸಾಧನೆಗಾಗಿ ಪ್ರಬಲರನ್ನು ಸ್ತುತಿಸುವವನಿಗೆ ಇಂಗ್ಲಿಷಿನಲ್ಲಿ ‘ಸಿಕೊಫ್ಯಾಂಟ್’ ಎನ್ನುವರು. ನಮ್ಮಲ್ಲಿ ಇದಕ್ಕೆ ‘ಹೊಗಳುಭಟ್ಟ’ ಎಂಬ ಮಾತು ಸಿದ್ಧವಾಗಿಯೇ ಇದೆ. ಆದರೆ ಆ ಶಬ್ದದ ತವರಾದ ಗ್ರೀಸಿನಲ್ಲಿ ಅದಕ್ಕೆ ಈ ಅರ್ಥವಿರಲಿಲ್ಲ. ಅಥೆನ್ಸಿನ ‘ಸೂಕೊಫಾಂಟೆಸ್’ ಹೊಗಳುವವನಲ್ಲ. ಸುಳ್ಳು ಫಿರ್ಯಾದಿನಿಂದ ಜನರನ್ನು ಪೀಡಿಸುವವನು.

‘ಸೂಕೊನ್’ ಎಂದರೆ ಅಂಜೂರ. ‘ಫಾಯ್ನೊ’ ಎಂದರೆ ತೋರಿಸು. ಕ್ರಿ. ಪೂ. 594ರಲ್ಲಿ ಆರ್ಕನ್ ಪದವಿಯಲ್ಲಿದ್ದ ಸೋಲನ್ನನ ಶಾಸನವು ಎಣ್ಣೆಯೊಂದನ್ನುಳಿದು ಬೇರೆ ಬೆಳೆಯನ್ನು ಹೊರನಾಡಿಗೆ ಸಾಗಿಸಕೂಡದೆಂದು ವಿಧಿಸಿತ್ತೆಂದು ಪ್ಲೂಟಾರ್ಕನು ಬರೆದಿದ್ದಾನೆ. ಅಂಜೂರದ ಸಾಗಣೆಯನ್ನು ಹಿಡಿದು ತೋರಿಸಿದವರಿಗೆ ಈ ಹೆಸರು ಬಂದಿತೆಂಬ ಐತಿಹ್ಯವನ್ನೂ ಅವನು ಅಲ್ಲಗಳೆಯುವುದಿಲ್ಲ. ಅವನಾದರೋ ಸೋಲನ್ನನಿಗೆ ಸುಮಾರು ಏಳು ಶತಮಾನ ಈಚಿನವನು. ಆದುದರಿಂದ ವಿದ್ವಾಂಸರು ಈ ವ್ಯುತ್ಪತ್ತಿಯನ್ನು ಸಂದೇಹದಿಂದಲೇ ಕಾಣುತ್ತಾರೆ.

ವ್ಯುತ್ಪತ್ತಿ ಸಂದಿಗ್ಧವಾದರೂ ಪ್ರಯೋಗ ಸ್ಪಷ್ಟ. ಅಥೆನ್ಸಿನಲ್ಲಿ ಸರಕಾರಿ ವಕೀಲರಿರಲಿಲ್ಲ. ಸಾರ್ವಜನಿಕ ಅಪರಾಧವನ್ನು ಕುರಿತು ಇಚ್ಛೆಯುಳ್ಳ ಯಾವ ನಾಗರಿಕನಾದರೂ ಮೊಕದ್ದಮೆ ಹೂಡಬಹುದಾಗಿತ್ತು. ಕೆಲವು ಬಗೆಯ ಮೊಕದ್ದಮೆಗಳಲ್ಲಿ ಗೆದ್ದವನಿಗೆ ಬಹುಮಾನವೂ ಇತ್ತು. ಇದನ್ನೇ ಕಸುಬಾಗಿಸಿಕೊಂಡವರು ಧನಿಕರನ್ನು ಬೆದರಿಸಿ ಹಣ ಕೀಳತೊಡಗಿದರು. ಇವರನ್ನು ತಡೆಯಲು, ಐದನೆಯ ಒಂದು ಪಾಲು ಮತಗಳನ್ನೂ ಪಡೆಯದ ಫಿರ್ಯಾದಿಗೆ 1,000 ದ್ರಾಖ್ಮಾ ದಂಡ ವಿಧಿಸಲಾಗುತ್ತಿತ್ತು. ಕ್ರಿ. ಪೂ. 425ರಲ್ಲಿ ಪ್ರಯೋಗಗೊಂಡ ಅರಿಸ್ಟೋಫನೀಸನ ‘ಅಕಾರ್ನಿಯನ್ಸ್’ ನಾಟಕದಲ್ಲಿ ಬಿಯೋಷಿಯದ ವರ್ತಕನೊಬ್ಬನು ತನ್ನ ನಾಡಿನಲ್ಲಿ ದೊರೆಯದ ಸರಕನ್ನು ಬೇಡುತ್ತಾನೆ. ಅವನಿಗೆ ಇಂಥ ಫಿರ್ಯಾದುಗಾರನೊಬ್ಬನನ್ನೇ ಮಡಕೆಯಂತೆ ಹುಲ್ಲಿನಲ್ಲಿ ಕಟ್ಟಿ ಕೊಡಲಾಗುತ್ತದೆ!

ನಗೆಯ ಹಿಂದೆ ಅಪಾಯವೂ ಇತ್ತು. ಕ್ರಿ. ಪೂ. 404ರಲ್ಲಿ ಅಧಿಕಾರ ಹಿಡಿದ ಮೂವತ್ತು ಮಂದಿ ನಿರಂಕುಶರು ಮೊದಲು ಕೊಲ್ಲಿಸಿದ್ದು ಈ ಫಿರ್ಯಾದುಗಾರರನ್ನೇ. ಸಜ್ಜನರು ಅದಕ್ಕೆ ಬೇಸರಪಡಲಿಲ್ಲವೆಂದು ಕ್ಸೆನೊಫನ್ ಹೇಳುತ್ತಾನೆ. ಸ್ವಲ್ಪ ಕಾಲದಲ್ಲಿಯೇ ಅದೇ ಖಡ್ಗ ಸಜ್ಜನರ ಕೊರಳಿಗೂ ಬಂದಿತು.

ಮುಖಸ್ತುತಿ ಮಾಡುವವನಿಗೆ ಗ್ರೀಕರಲ್ಲಿ ‘ಕೊಲಾಕ್ಸ್’ ಎಂಬ ಬೇರೆ ಶಬ್ದವಿತ್ತು. ‘ಸಿಕೊಫ್ಯಾಂಟ್’ ಲ್ಯಾಟಿನ್ನಿನ ಮೂಲಕ 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಮೊದಲು ಚಾಡಿಕೋರನೆಂಬ ಅರ್ಥವನ್ನೇ ಹೊತ್ತಿತ್ತು. ಅದೇ ಶತಮಾನದಲ್ಲಿ ಹೊಗಳುಭಟ್ಟನೆಂಬ ಅರ್ಥವೂ ಸೇರಿ, ಕ್ರಮೇಣ ಅದೇ ಉಳಿಯಿತು. ಒಡೆಯನ ಕಿವಿಗೆ ಚಾಡಿಯನ್ನೊಯ್ಯುವವನು ಬಯಸುವುದು ಒಡೆಯನ ಕೃಪೆಯನ್ನೇ ಅಲ್ಲವೆ? ಆಧುನಿಕ ಗ್ರೀಕಿನಲ್ಲಾದರೋ ಈ ಶಬ್ದಕ್ಕೆ ಇಂದಿಗೂ ಮಿಥ್ಯಾಪವಾದ ಹೊರಿಸುವವನೆಂದೇ ಅರ್ಥ.

ಕನ್ನಡವು ಚಾಡಿಕೋರನನ್ನೂ ಹೊಗಳುಭಟ್ಟನನ್ನೂ ಎರಡು ಶಬ್ದಗಳಿಂದ ಬೇರೆಬೇರೆಯಾಗಿ ಗುರುತಿಸಿದೆ. ಗ್ರೀಕ್ ಕೃತಿಗಳನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತರುವವರು ಈ ಭೇದವನ್ನು ಮರೆಯಲಾಗದು. ಮರೆತರೆ ಅಥೆನ್ಸಿನ ಪೀಡಕನು ಕನ್ನಡದಲ್ಲಿ ನಿರುಪದ್ರವಿಯಾದ ಸ್ತುತಿಪಾಠಕನಾಗಿಬಿಡುವನು.