ಎರಡು ಬಣ್ಣಗಳ ನಡುವಿನ ಜಾಗ

ಗ್ರೇಡಿಯಂಟ್‌ನ ಚರಿತ್ರೆಯನ್ನು ಫ್ಯಾಶನ್ನಿನ ಚರಿತ್ರೆಯಾಗಿ ಬರೆಯುವುದು ಈಗ ವಾಡಿಕೆಯಾಗಿದೆ. ಮೊದಲು ಹೊಳೆಯುವ ಗುಂಡಿಗಳು, ಆಮೇಲೆ ಚಪ್ಪಟೆ ವಿನ್ಯಾಸ, 2016ರಲ್ಲಿ ಇನ್‌ಸ್ಟಾಗ್ರಾಂ ಲಾಂಛನ ಬದಲಾದ ಮೇಲೆ ಮತ್ತೆ ಗ್ರೇಡಿಯಂಟ್. ಇಷ್ಟಕ್ಕೆ ಕಥೆ ಮುಗಿಯುತ್ತದೆ. ಜನ ಏನನ್ನು ಮೆಚ್ಚಿದರೆಂಬುದು ಇದರಿಂದ ತಿಳಿಯುತ್ತದೆ. ಒಂದು ಬಣ್ಣ ಇನ್ನೊಂದಕ್ಕೆ ತಿರುಗುವಾಗ ನಡುವೆ ಏನಿರಬೇಕೆಂದು ತೀರ್ಮಾನಿಸಿದವರು ಯಾರೆಂಬುದು ತಿಳಿಯುವುದಿಲ್ಲ. ಚಿತ್ರ ತಿದ್ದುವ ತಂತ್ರಾಂಶಗಳು ಬಹುಕಾಲ ಎರಡು ತುದಿಗಳನ್ನಷ್ಟೇ ನಮ್ಮ ಕೈಗೆ ಕೊಟ್ಟು, ನಡುವಿನ ಲೆಕ್ಕವನ್ನು ತಾವೇ ಇಟ್ಟುಕೊಂಡಿದ್ದವು. ಆ ಲೆಕ್ಕ ಇಷ್ಟಿಷ್ಟಾಗಿ ಬಳಸುವವರ ಕೈಗೆ ಬಂದದ್ದೇ ಈ ಕ್ಷೇತ್ರದ ಬೆಳವಣಿಗೆ ಎಂಬುದು ನನ್ನ ವಾದ.

ಆರಂಭದ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1990ರಲ್ಲಿ ಬಂದ ಫೋಟೋಶಾಪ್‌ನ ಮೊದಲ ಆವೃತ್ತಿಗಳಲ್ಲಿ ಮುಂಬಣ್ಣದಿಂದ ಹಿಂಬಣ್ಣಕ್ಕೆ ಎಳೆಯುವುದಷ್ಟೇ ಸಾಧ್ಯವಿತ್ತು. ಹಲವು ಬಣ್ಣಗಳನ್ನು ಸಾಲಾಗಿ ಜೋಡಿಸುವ ಎಡಿಟರ್ ಬಂದದ್ದು 1996ರ ನಾಲ್ಕನೆಯ ಆವೃತ್ತಿಯಲ್ಲಿ. 1998ರಲ್ಲಿ ಇಲಸ್ಟ್ರೇಟರ್‌ಗೆ, ಬಲೆಯಂತೆ ಹರಡಿದ ಬಿಂದುಗಳಿಗೆ ಬಣ್ಣ ಕೊಡುವ ಮೆಶ್ ಸೇರಿತು. ಆ ಹೊತ್ತಿಗೇ ಮುಕ್ತ ತಂತ್ರಾಂಶದ ಗಿಂಪ್, ಫೆಡರಿಕೊ ಮೆನಾ ಕಿಂಟೆರೊ ಬರೆದ ಎಡಿಟರಿನ ಮೂಲಕ ಬೇರೊಂದು ದಾರಿ ಹಿಡಿದಿತ್ತು. ಅಲ್ಲಿ ಗ್ರೇಡಿಯಂಟ್ ಎಂದರೆ ಖಂಡಗಳ ಸರಣಿ. ಪ್ರತಿ ಖಂಡಕ್ಕೂ ಎಡತುದಿ, ಬಲತುದಿ, ಜರುಗಿಸಬಹುದಾದ ನಡುಬಿಂದು ಇರುತ್ತವೆ. ಬಣ್ಣ ನೇರವಾಗಿ ಸಾಗಬೇಕೋ, ಬಾಗಿ ಸಾಗಬೇಕೋ, ಆರ್‌ಜಿಬಿಯಲ್ಲಿ ಬೆರೆಯಬೇಕೋ, ವರ್ಣಚಕ್ರವನ್ನು ಸುತ್ತಿ ಹೋಗಬೇಕೋ ಎಂಬ ಆಯ್ಕೆಯೂ ಖಂಡಕ್ಕೊಂದು. ಅದರ ಡೈಲಾಗ್ ತೊಡಕಿನದು ಎಂಬ ದೂರು ನ್ಯಾಯವಾದದ್ದೇ. ಆದರೂ ನಡುವೆ ಏನಾಗಬೇಕೆಂದು ಬಳಸುವವರನ್ನು ಕೇಳಿದ ವಿನ್ಯಾಸ ಅದು, ಅದಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ. 2018ರ 2.10ನೇ ಆವೃತ್ತಿಯಲ್ಲಿ ಈ ಖಂಡಗಳನ್ನು ಕ್ಯಾನ್ವಾಸಿನ ಮೇಲೇ ಹಿಡಿದು ಎಳೆಯುವ ಅನುಕೂಲ ಬಂತು. ಪಿಕ್ಸೆಲ್ ಚಿತ್ರಗಳ ಮಟ್ಟಿಗೆ ಫೋಟೋಶಾಪ್ ಇದನ್ನು ಕೊಟ್ಟದ್ದು 2023ರಲ್ಲಿ.

ನಡುವಿನ ಲೆಕ್ಕ ಯಾಕಿಷ್ಟು ಮುಖ್ಯ? ಅಪ್ಪಟ ನೀಲಿಯಿಂದ ಅಪ್ಪಟ ಹಳದಿಗೆ ಒಂದು ಗ್ರೇಡಿಯಂಟ್ ಎಳೆದು ನೋಡಿ. ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ ನೀಲಿಯ ಅಂಕಿಗಳು 0, 0, 255. ಹಳದಿಯವು 255, 255, 0. ಹಳೆಯ ಲೆಕ್ಕ ಇವುಗಳ ಸರಾಸರಿ ಹಿಡಿಯುತ್ತದೆ, ಸರಿಯಾಗಿ ನಡುವೆ 128, 128, 128 ಬರುತ್ತದೆ, ಅಂದರೆ ಬರೀ ಬೂದು. ಕೆಂಪು ಹಸಿರಿನ ನಡುವೆ ಮಂಕು ಕಂದು ಬರುವುದೂ ಹೀಗೆಯೇ. ನಮ್ಮ ರಾಜ್ಯೋತ್ಸವದ ಫ್ಲೆಕ್ಸುಗಳ ಹಳದಿ ಕೆಂಪಿಗೆ ಈ ಕಾಟವಿಲ್ಲ. ಎರಡರಲ್ಲೂ ಕೆಂಪಿನ ಅಂಕಿ 255 ಆಗಿರುವುದರಿಂದ ನಡುವೆ ಚೊಕ್ಕ ಕಿತ್ತಳೆ ಮೂಡುತ್ತದೆ. ಇಂಥ ಜೋಡಿಗಳೇ ಹೆಚ್ಚು ಬಳಕೆಯಲ್ಲಿದ್ದರೆ ಲೆಕ್ಕದ ದೋಷ ಕಣ್ಣಿಗೆ ಬೀಳುವುದೇ ಇಲ್ಲ.

ನಡುವೆ ಇನ್ನೊಂದು ಬಣ್ಣದ ಬಿಂದು, ಅಂದರೆ ಸ್ಟಾಪ್ ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಹಾಕಬಹುದು, ಎಲ್ಲರೂ ಹಾಕುತ್ತಲೇ ಬಂದಿದ್ದಾರೆ. ಆದರೆ ನಾಳೆ ತುದಿಯ ಬಣ್ಣ ಬದಲಿಸಿದರೆ ನಡುವಿನದು ಹಳೆಯದಾಗಿಯೇ ಉಳಿಯುತ್ತದೆ. ಬೆಳಕಿನ ಏರಿಳಿತ ಆ ಸ್ಟಾಪಿನ ಬಳಿ ಥಟ್ಟನೆ ತಿರುಗಿದರೆ, ಎರ್ನ್‌ಸ್ಟ್ ಮಾಖ್ 1865ರಲ್ಲೇ ವಿವರಿಸಿದಂತೆ, ಕಣ್ಣು ಅಲ್ಲೊಂದು ಗೆರೆಯನ್ನು ಕಾಣುತ್ತದೆ. ಬೆಳಕು ನಿಜವಾಗಿ ಬೆರೆಯುವಂತೆ, ಅಂದರೆ ಲೀನಿಯರ್ ಲೆಕ್ಕದಲ್ಲೇ ಎಲ್ಲವನ್ನೂ ಮಾಡಿಬಿಡೋಣ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಚಿತ್ರವನ್ನು ಮಸುಕಾಗಿಸುವಾಗ ಅದು ಸರಿ. ಕಪ್ಪಿನಿಂದ ಬಿಳಿಗೆ ಎಳೆದರೆ ಮಾತ್ರ ನಡುಬಿಂದುವಿನ ಅಂಕಿ 188ರ ಹತ್ತಿರ ಹೋಗಿ, ಗಾಢ ಛಾಯೆಗಳೆಲ್ಲ ಒಂದು ಮೂಲೆಗೆ ಒತ್ತರಿಸಿಕೊಳ್ಳುತ್ತವೆ. ಕಣ್ಣಿನ ಗ್ರಹಿಕೆಗೆ ಹೊಂದುವಂತೆ 1976ರಲ್ಲಿ ರೂಪಿಸಿದ ಸಿಐಇ ಲ್ಯಾಬ್ ಕೂಡ ನೀಲಿಯಿಂದ ಬಿಳಿಗೆ ಹೋಗುವ ದಾರಿಯಲ್ಲಿ ನೇರಳೆಯತ್ತ ವಾಲುತ್ತದೆ. ಬ್ಯೋರ್ನ್ ಒಟ್ಟೊಸನ್ 2020ರ ಕೊನೆಗೆ ಪ್ರಕಟಿಸಿದ ಓಕ್‌ಲ್ಯಾಬ್ ಈ ಕೊರತೆಯನ್ನು ಬಹಳಮಟ್ಟಿಗೆ ನೀಗಿತು. ಮರುವರ್ಷವೇ ಫೋಟೋಶಾಪ್ ಪರ್ಸೆಪ್ಚುಯಲ್, ಲೀನಿಯರ್, ಕ್ಲಾಸಿಕ್ ಎಂಬ ಮೂರು ಆಯ್ಕೆಗಳನ್ನು ಮುಂದಿಟ್ಟಿತು. ಕಳೆದ ಮೂವತ್ತು ವರ್ಷಗಳ ಯಾವ ಹೊಸ ಮೆರುಗಿಗಿಂತಲೂ ಇದು ದೊಡ್ಡ ಹೆಜ್ಜೆ.

ಪದರಪದರವಾಗಿ ಪಟ್ಟೆ ಕಾಣುವ ಬ್ಯಾಂಡಿಂಗ್ ಬೇರೆಯದೇ ತೊಂದರೆ. ಎಂಟು ಬಿಟ್‌ನ ಚಿತ್ರದಲ್ಲಿ 40ರಿಂದ 60ರವರೆಗಿನ ಬೂದನ್ನು 1920 ಪಿಕ್ಸೆಲ್ ಅಗಲಕ್ಕೆ ಹಿಗ್ಗಿಸಿದರೆ ಒಂದೊಂದು ಪಟ್ಟೆ ತೊಂಬತ್ತು ಪಿಕ್ಸೆಲ್ ದಾಟುತ್ತದೆ. ಪಕ್ಕದ ಛಾಯೆಗಳ ಪಿಕ್ಸೆಲ್‌ಗಳನ್ನು ಚದುರಿಸಿ ಬೆರೆಸುವ ಡಿಥರಿಂಗ್ ಇದಕ್ಕೆ ಹಳೆಯ ಮದ್ದು, ಈಗಲೂ ಒಳ್ಳೆಯದೇ.

ಉಳಿದಿರುವ ತೊಡಕು ಕಡತಗಳದು. ಗಿಂಪ್‌ನ ಗ್ರೇಡಿಯಂಟ್ ಕಡತವನ್ನು ಬಿಚ್ಚಿದರೆ ಖಂಡಕ್ಕೊಂದು ಸಾಲು, ಸಾಲಿನಲ್ಲಿ ಸ್ಥಾನ, ಬಣ್ಣ, ಪಾರದರ್ಶಕತೆಗಳ ಅಂಕಿಗಳು ಕಾಣುತ್ತವೆ. ಬಾಗುವ ಬಗೆಯೂ ದಾಖಲಾಗಿರುತ್ತದೆ. ಆರ್‌ಜಿಬಿ ಖಂಡಗಳನ್ನು ಲೀನಿಯರ್ ಆಗಿ ಬೆರೆಸಬೇಕೋ ಲ್ಯಾಬ್‌ನಲ್ಲಿ ಬೆರೆಸಬೇಕೋ ಎಂಬುದು ಮಾತ್ರ ಅಲ್ಲಿಲ್ಲ. ಅದು ಉಪಕರಣದ ಆಯ್ಕೆಯಾಗಿ ಹೊರಗೇ ನಿಂತಿದೆ. 2001ರ ಎಸ್‌ವಿಜಿ ಚಿತ್ರಮಾದರಿ ಇದಕ್ಕೊಂದು ಜಾಗ ಮಾಡಿಕೊಟ್ಟಿತ್ತು, ಬಹುತೇಕ ಬ್ರೌಸರ್‌ಗಳು ಅದನ್ನು ಕಡೆಗಣಿಸಿದವು. ಈಗ ಜಾಲಪುಟಗಳ ಶೈಲಿಭಾಷೆಯಾದ ಸಿಎಸ್‌ಎಸ್‌ನಲ್ಲಿ ಗ್ರೇಡಿಯಂಟ್ ಬರೆಯುವಾಗಲೇ ಓಕ್‌ಲ್ಯಾಬ್ ಎಂದು ನಮೂದಿಸಬಹುದು. ಅಂಥ ಒಂದು ನಮೂದು ಗಿಂಪ್‌ನ ಕಡತಕ್ಕೂ ಸೇರಿದರೆ, ಒಬ್ಬರು ಕೂತು ಹದಗೊಳಿಸಿದ ನೀಲಿ ಹಳದಿ ಇನ್ನೊಬ್ಬರ ಯಂತ್ರದಲ್ಲಿ ಬೂದಾಗಿ ತೆರೆದುಕೊಳ್ಳುವುದು ನಿಲ್ಲುತ್ತದೆ.