ಕೊಪಣದ ಬೆಟ್ಟಗಳು, ಆನೆಗೊಂದಿಯ ಮನೆಗಳು

ಜೈನ ಆಚಾರಗ್ರಂಥಗಳು ಗೃಹಸ್ಥನನ್ನು ಸಾಗಾರನೆಂದೂ ಮುನಿಯನ್ನು ಅನಗಾರನೆಂದೂ ಕರೆಯುತ್ತವೆ. ಅಗಾರವೆಂದರೆ ಮನೆ, ಒಬ್ಬನು ಮನೆಯುಳ್ಳವನು, ಇನ್ನೊಬ್ಬನು ಮನೆಯನ್ನು ತೊರೆದವನು. ಕನ್ನಡದಲ್ಲಿ ಜಿನಾಲಯಕ್ಕೆ ನೆಲೆನಿಂತ ‘ಬಸದಿ’ ಎಂಬ ಹೆಸರೂ ‘ವಸತಿ’ ಶಬ್ದದ ತದ್ಭವವೇ. ಹಳೆಯ ಮನೆಗಳನ್ನೂ ಬೆಟ್ಟಗಳ ಸೊಬಗನ್ನೂ ನೋಡಿಬರಬೇಕೆಂದು ಕೊಪ್ಪಳದಿಂದ ಆನೆಗೊಂದಿಯವರೆಗೆ ಒಂದು ದಿನದ ಪ್ರವಾಸ ಹೊರಟಾಗ, ದಾರಿಯುದ್ದಕ್ಕೂ ಈ ಮೂರು ಶಬ್ದಗಳೇ ಮನಸ್ಸಿನಲ್ಲಿ ಸುಳಿಯುತ್ತಿದ್ದವು.

ಬಿಸಿಲೇರುವ ಮೊದಲೇ ಕೊಪ್ಪಳದ ಬೆಟ್ಟಗಳನ್ನು ಹತ್ತಿದೆವು. ಗವಿಮಠದ ಬೆಟ್ಟದಲ್ಲೂ ಪಲ್ಲಕ್ಕಿಗುಂಡಿನಲ್ಲೂ ಅಶೋಕನ ಕಿರುಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ನಿಂತ ಬಂಡೆಗಳ ಮೇಲೆ ಅಗಲವಾದ ಇನ್ನೊಂದು ಬಂಡೆ ಪಲ್ಲಕ್ಕಿಯಂತೆ ಕುಳಿತಿರುವುದರಿಂದ ಆ ಬೆಟ್ಟಕ್ಕೆ ಪಲ್ಲಕ್ಕಿಗುಂಡೆಂಬ ಹೆಸರು ಅನ್ವರ್ಥವಾಗಿದೆ. ಯಾರೂ ಕಟ್ಟದೆಯೇ ನಿಂತ ಮಾಡು ಅದು.

ಅದೇ ಬೆಟ್ಟದ ಕಲ್ಲಿನಲ್ಲಿ ಎರಡು ಪಾದಗಳ ಗುರುತು ಕೊರೆದಿದೆ. ಅದರ ಬದಿಯ ಹಳಗನ್ನಡದ ಕಿರುಬರಹವು, ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ತಿಳಿಸುತ್ತದೆ. ಸಂಸ್ಕೃತದಲ್ಲಿ ‘ವರಾಂಗಚರಿತ’ವನ್ನು ರಚಿಸಿದ ಕವಿ ಇವರೇ ಎಂಬುದು ವಿದ್ವಾಂಸರ ಅಭಿಪ್ರಾಯ. ಆ ಕಾವ್ಯವನ್ನು ಸಂಪಾದಿಸಿ 1938ರಲ್ಲಿ ಹೊರತಂದವರು ಡಾ. ಆ. ನೇ. ಉಪಾಧ್ಯೆಯವರು. ಕಲ್ಯಾಣದ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ ಮತ್ತೊಂದು ಶಾಸನವು ಸಿಂಹನಂದಿಗಳೆಂಬ ಮುನಿಗಳು ಇಲ್ಲಿ ಒಂದು ತಿಂಗಳ ಇಂಗಿನೀಮರಣ ವ್ರತದಿಂದ ದೇಹ ತ್ಯಜಿಸಿದುದನ್ನೂ, ಆ ನೆಲೆಯಲ್ಲಿ ಕಲ್ಯಾಣಕೀರ್ತಿಯು ಚೈತ್ಯಾಲಯ ಕಟ್ಟಿಸಿದುದನ್ನೂ ಹೇಳುತ್ತದೆ. ಅನಗಾರರು ಬೆಟ್ಟವನ್ನೇರಿ ದೇಹವನ್ನು ಬಿಟ್ಟರು. ಸಾಗಾರರು ಅವರ ನೆನಪನ್ನು ಕಲ್ಲಿನಲ್ಲಿ ಉಳಿಸಿದರು.

ಕೊಪಣದ ಕೀರ್ತಿ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಸಾಕ್ಷಿಗಳು ಹಲವು. ತಿರುಳ್ಗನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ‘ಕವಿರಾಜಮಾರ್ಗ’ವು ಕೊಪಣನಗರವನ್ನು ಹೆಸರಿಸುತ್ತದೆ. ಅತ್ತಿಮಬ್ಬೆಯ ಚರಿತ್ರೆಯ ಪಾವಿತ್ರ್ಯಕ್ಕೆ ಹೋಲಿಕೆ ಹುಡುಕಿದ ರನ್ನನಿಗೆ ಗಂಗಾಜಲದ ಜೊತೆಗೆ ಕೊಪಣಾಚಲವೂ ನೆನಪಾಯಿತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಗಂಗವಾಡಿ 96000 ನಾಡಿನ ಶಿಥಿಲ ಬಸದಿಗಳನ್ನೆಲ್ಲ ಜೀರ್ಣೋದ್ಧಾರ ಮಾಡಿಸಿದಾಗ, ಶಾಸನಕವಿಗಳು ಆ ನಾಡು ಕೊಪಣದಂತೆ ಕಂಗೊಳಿಸಿತೆಂದು ಹಾಡಿದರು. ಜೀರ್ಣೋದ್ಧಾರಕ್ಕೆ ಅಳತೆಗೋಲಾಗಿದ್ದ ಊರು ಇದು. ಆದರೆ ಶಾಸನಗಳು ಹೊಗಳುವ ಆ ಬಸದಿಗಳ ಬಹುಭಾಗವನ್ನು ಇಂದು ಇಲ್ಲಿ ಕಾಣಲಾಗದು. ಕೊಪಣದ ಶ್ರಾವಕ ಬೋಪಣ್ಣನು ಮಾಡಿಸಿದ ಚತುರ್ವಿಂಶತಿ ತೀರ್ಥಂಕರ ಬಿಂಬವೊಂದು ಹೈದರಾಬಾದಿನ ನವಾಬ ಸಾಲಾರ್ ಜಂಗರ ಸಂಗ್ರಹವನ್ನು ಸೇರಿತು. ಮನೆ ಹೋದ ಮೇಲೆ ದೇವರೂ ವಲಸೆ ಹೋಗಬೇಕಾಯಿತು.

ಅಲ್ಲಿಂದ ಗಂಗಾವತಿಯ ದಾರಿ ಹಿಡಿದು ಹಿರೇಬೆಣಕಲ್ಲಿಗೆ ಬಂದೆವು. ಊರಿನಾಚೆ ಬೆಟ್ಟದ ಏರುದಾರಿಯಲ್ಲಿ ಕಲ್ಲುಬಂಡೆಗಳ ನಡುವೆ ಸಾಗಿದರೆ ಮೋರ್ಯರ ಗುಡ್ಡದ ನೆತ್ತಿ. ಕಬ್ಬಿಣ ಯುಗದ ಜನರು ಸತ್ತವರಿಗಾಗಿ ನಿಲ್ಲಿಸಿದ ನೂರಾರು ಕಲ್ಮನೆಗಳು ಅಲ್ಲಿವೆ. ಗೋಡೆಯಾಗಿ ನಿಲ್ಲಿಸಿದ ಚಪ್ಪಡಿಗಳು, ಮೇಲೆ ಹೊದಿಸಿದ ಇನ್ನೊಂದು ಚಪ್ಪಡಿ, ಕೆಲವುಗಳಲ್ಲಿ ಬಾಗಿಲ ಬದಲು ಒಂದು ದುಂಡನೆಯ ಕಿಂಡಿ. ಕುಳ್ಳರಾದ ಮೋರ್ಯರು ಇಲ್ಲಿ ಬಾಳಿದರೆಂಬುದು ಜನರ ನಂಬಿಕೆ. ಆದ್ದರಿಂದಲೇ ಇವು ‘ಮೋರ್ಯರ ಮನೆ’ಗಳು. ಸಮೀಪದಲ್ಲಿ ಚಪ್ಪಡಿ ಎಬ್ಬಿಸಿದ ಜಾಗದ ಕೊಳವಿದೆ. ಬಡಿದರೆ ದೂರದವರೆಗೆ ದನಿಗೊಡುವ, ನಗಾರಿಯಾಕಾರದ ದೊಡ್ಡ ಕಲ್ಲೊಂದಿದೆ. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಆದರೂ ಒಳಗೆ ನಿಧಿಯಿದೆಯೆಂಬ ಆಸೆಗೆ ಬಲಿಯಾಗಿ ಉರುಳಿದ ಮನೆಗಳಿಗೆ ಲೆಕ್ಕವಿಲ್ಲ.

ಇಳಿಹೊತ್ತಿಗೆ ಆನೆಗೊಂದಿ ತಲುಪಿದೆವು. ತುಂಗಭದ್ರೆಯ ಈ ದಡದಲ್ಲಿ ಗದ್ದೆಯ ಹಸುರು, ಬಾಳೆಯ ತೋಟ. ಸುತ್ತಲೂ ಒಂದರ ಮೇಲೊಂದು ಪೇರಿಸಿದಂತಿರುವ ಬಂಡೆಗಳ ಬೆಟ್ಟ. ಗಗನಮಹಲಿನ ಆಸುಪಾಸಿನಲ್ಲಿ ಹಳೆಯ ಮನೆಗಳಿವೆ. ಬೀದಿಗೆ ಕಟ್ಟೆ, ಒಳಗೆ ಪಡಸಾಲೆ, ಕೆತ್ತನೆಯ ಮರದ ಕಂಬ, ತೊಲೆ ಜಂತಿಗಳ ಮೇಲೆ ಮಣ್ಣಿನ ಮಾಳಿಗೆ. ಇಂಥ ಮನೆ ತಾನಾಗಿ ಉಳಿಯುವುದಿಲ್ಲ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕಬೇಕು, ಗೋಡೆ ಸಾರಿಸಬೇಕು, ಒಲೆ ಉರಿಯಬೇಕು. ಒಂದೆರಡು ಮಳೆಗಾಲ ಯಾರೂ ನೋಡದಿದ್ದರೆ ನೀರಿಳಿದು ಜಂತಿ ಕೊಳೆಯುತ್ತದೆ. ಕಿಷ್ಕಿಂಧಾ ಟ್ರಸ್ಟಿನವರು ಇಲ್ಲಿಯ ಕೆಲವು ಮನೆಗಳನ್ನು ಹಳೆಯ ರೀತಿಯಲ್ಲೇ ದುರಸ್ತಿ ಮಾಡಿ ಬಳಕೆಗೆ ತಂದಿರುವುದು ಮೆಚ್ಚತಕ್ಕ ಕಾರ್ಯ. ಜನ ಬಾಳುವ ಮನೆಯೇ ಬಾಳುವ ಮನೆ.

ಹೊಳೆಯ ನಡುಗಡ್ಡೆಯಲ್ಲಿ ನವವೃಂದಾವನವಿದೆ. ಮಾಧ್ವ ಯತಿಗಳ ಆ ಸನ್ನಿಧಿಯಲ್ಲಿ 2019ರ ಜುಲೈನಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಒಡೆದು ಹಾಕಿದ್ದರು. ಏನನ್ನೂ ತಮ್ಮದೆನ್ನದ ಸಂನ್ಯಾಸಿಯ ಸಮಾಧಿಯಲ್ಲಿ ಹೊನ್ನನ್ನು ಹುಡುಕಿದ ಬುದ್ಧಿಗೆ ಏನೆನ್ನೋಣ! ಆದರೆ ಭಕ್ತರು ಕೂಡಲೇ ಸೇರಿ ಅದನ್ನು ಮರಳಿ ನಿಲ್ಲಿಸಿದರು. ಅಲ್ಲಿ ಕೇಳುವವರಿದ್ದರು. ಮೋರ್ಯರ ಮನೆಗಳಿಗೆ ವಂಶಜರೆಂದು ಮುಂದೆ ಬರುವವರಿಲ್ಲ. ಕೊಪಣದ ಪಾದಗಳಿಗೋ ನಾವಿದ್ದೇವೆ. ಆದರೂ ಎಷ್ಟು ಜನ ಆ ಬೆಟ್ಟ ಹತ್ತಿದ್ದೇವೆ?

ನಮ್ಮ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಮಾತೊಂದಿದೆ: ತಾನು ದಾನ ಕೊಡುವುದಕ್ಕಿಂತ ಹಿಂದಿನವರು ಕೊಟ್ಟುದನ್ನು ಕಾಪಾಡುವುದು ಹಿರಿದು. ಹೊಸ ಬಸದಿಗಳಿಗೆ ಅಮೃತಶಿಲೆ ತರಿಸುವ ನಮ್ಮ ಸಮಾಜ ಈ ಮಾತನ್ನು ಅಷ್ಟಾಗಿ ಓದುತ್ತಿಲ್ಲ. ಗಂಗವಾಡಿಯನ್ನು ಕೊಪಣದಂತೆ ಮಾಡಿದ ಗಂಗರಾಜನನ್ನು ನಾವು ಹೊಗಳುತ್ತೇವೆ. ಕೊಪಣವನ್ನು ಮತ್ತೆ ಕೊಪಣದಂತೆ ಮಾಡುವ ಕೆಲಸವಿನ್ನೂ ಹಾಗೆಯೇ ಉಳಿದಿದೆ. ಅದಕ್ಕೆ ದಂಡನಾಯಕರೇ ಬೇಕೆಂದಿಲ್ಲ. ಮೊದಲಿಗೆ, ಮಕ್ಕಳನ್ನು ಕರೆದುಕೊಂಡು ಒಂದು ಮುಂಜಾನೆ ಪಲ್ಲಕ್ಕಿಗುಂಡನ್ನು ಹತ್ತಿ, ಆ ಪಾದಗಳ ಬಳಿಯ ಬರಹವನ್ನು ಅವರಿಗೆ ಓದಿ ಹೇಳಿದರೆ ಸಾಕು.