ಅಳಿಸಲೆಂದೇ ಹಾಕಿದ ರಂಗೋಲಿ: ಸೊಲ್ಲಾಪುರದ ಗಡ್ಡಾ ಜಾತ್ರೆಯ ಬೀದಿ

ಬೀದಿ ಚಿತ್ರ ಅಂದ ಕೂಡಲೇ ನಾವು ಗೋಡೆ ಕಡೆ ನೋಡ್ತೀವಿ. ಇವತ್ತು ನಾನು ಕಾಲಕೆಳಗಿನ ಡಾಂಬರು ರಸ್ತೆ ನೋಡೋಣ ಅಂತೀನಿ. ಊರು ನನ್ನದೇ, ಸೊಲ್ಲಾಪುರ.

ಸಂಕ್ರಾಂತಿ ಹೊತ್ತಿಗೆ ಇಲ್ಲಿ ಸಿದ್ಧರಾಮೇಶ್ವರರ ಜಾತ್ರೆ. 12ನೇ ಶತಮಾನದ ಈ ವಚನಕಾರ ಶರಣರು ಊರಿಗೆ ಕೆರೆ ಕಟ್ಟಿಸಿದರು, ಸುತ್ತಲೂ 68 ಲಿಂಗಗಳನ್ನು ಸ್ಥಾಪಿಸಿದರು ಎಂಬುದು ಪರಂಪರೆಯ ಮಾತು. ಸಾಮಾನ್ಯವಾಗಿ ಜನವರಿ 13ರಂದು ಏಳು ನಂದಿಕೋಲುಗಳು ಉತ್ತರ ಕಸಬಾದ ಹಿರೇಹಬ್ಬು ವಾಡೆಯಿಂದ ಹೊರಟು ಆ ಲಿಂಗಗಳ ಪ್ರದಕ್ಷಿಣೆ ಮಾಡುತ್ತವೆ. ಮರುದಿನ ಗುಡಿಯ ಹತ್ತಿರದ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ: ಕುಂಬಾರರ ಮಗಳಿಗೂ ಸಿದ್ಧರಾಮರ ಯೋಗದಂಡಕ್ಕೂ ಮದುವೆ. ನಂದಿಕೋಲು ಬರುವ ದಾರಿಗೆ ರಂಗೋಲಿಯೇ ನಡೆಮುಡಿ.

ಇಲ್ಲಿ ಒಂದು ಸಂಗತಿ ಗಮನಿಸ್ರಿ. ವರ್ಷವಿಡೀ ಹೊಸ್ತಿಲ ಮುಂದೆ ಇರೋ ರಂಗೋಲಿ ಅವತ್ತು ರಸ್ತೆಯ ನಡುವಿಗೆ ಬರ್ತದ. ರಿಕ್ಷಾ, ಬೈಕು ಓಡಾಡುವ ಜಾಗ ಕೆಲವು ತಾಸು ಮದುವೆ ಮನೆಯ ಅಂಗಳವಾಗುತ್ತದೆ. ಬಿಳಿ ಬಾರಾಬಂದಿ ತೊಟ್ಟವರು ನಂದಿಕೋಲು ಹೊತ್ತು ಅದರ ಮೇಲೇ ನಡೆಯುತ್ತಾರೆ. ಸಂಜೆಗೆ ಬಣ್ಣವೆಲ್ಲ ಧೂಳು. ಯಾರಿಗೂ ಬೇಸರವಿಲ್ಲ, ತುಳಿಯಲೆಂದೇ ಹಾಕಿದ್ದಲ್ಲವೇ?

ಆದರೆ ಇತಿಹಾಸದ ವಿದ್ಯಾರ್ಥಿಗೆ ಇದು ತೊಡಕು. ಧೂಳಾಗಿ ಹೋದದ್ದಕ್ಕೆ ದಾಖಲೆ ಎಲ್ಲಿ? ನನ್ನ ಮಟ್ಟಿಗೆ ದಾಖಲೆ ಎರಡು. ಒಂದು, ಪ್ರತಿವರ್ಷ ಹಿಡಿಯುವ ದಾರಿ. ಡಾಂಬರಿನ ಊರಿನ ಮೇಲೆ 68 ಲಿಂಗಗಳ ಊರನ್ನು ಅದು ಮತ್ತೆ ಗುರುತಿಸುತ್ತದೆ. ಎರಡು, ದಿನಗಳ ಹೆಸರು. ಮೊದಲ ದಿನದ ತೈಲಾಭಿಷೇಕಕ್ಕೆ ಇಲ್ಲಿನ ಮರಾಠಿ ಪತ್ರಿಕೆಗಳೂ ‘ಯಣ್ಣಿಮಜ್ಜನ’ ಅಂತಲೇ ಬರೀತಾವ. ನಂದಿಕೋಲಿನ ವಸ್ತ್ರ ತೆಗೆಯುವ ಕೊನೆಯ ದಿನ ‘ಕಪ್ಪಡಕಳ್ಳಿ’. ‘ಎಣ್ಣೆ’ ಅನ್ನೋದು ಪುಸ್ತಕದ ಕನ್ನಡ. ‘ಯಣ್ಣಿ’ ನಮ್ಮ ಅವ್ವನ ಕನ್ನಡ. ಅಂದರೆ ಆ ದೇವನಾಗರಿ ಅಕ್ಷರಗಳಲ್ಲಿ ಉಳಿದಿರುವುದು ಪಂಡಿತರ ಮಾತಲ್ಲ, ಬೀದಿಯ ಮಾತು.

ಒಂದು ಅನುಭವ ಹೇಳಿ ಮುಗಿಸ್ತೀನಿ. ನಮ್ಮಕ್ಕನ ಮಗಳು ಮರಾಠಿ ಶಾಲೆಗೆ ಹೋಗ್ತಾಳ. ಒಂದು ವರ್ಷ ರಂಗೋಲಿಯ ಅಂಚಿಗೆ ಕೆಂಪು ಪುಡಿಯಲ್ಲಿ ಆ ದಿನದ ಹೆಸರನ್ನು ದೇವನಾಗರಿಯಲ್ಲಿ ಬರೆದಳು. ಅವ್ವನಿಗೆ ಆ ಲಿಪಿ ಬರೂದಿಲ್ಲ. “ಏನ್ ಬರದೀ?” ಅಂದಳು. ಹುಡುಗಿ ಓದಿದಳು: “ಯಣ್ಣಿಮಜ್ಜನ.” “ಹಂಗಂದ್ರ ಏನು ಗೊತ್ತೈತೇನು?” “ಹಬ್ಬದ ಹೆಸರು, ಅಜ್ಜಿ.” ಅವ್ವ ಅಲ್ಲೇ ಕುಕ್ಕರಗಾಲಲ್ಲಿ ಕೂತು ಯಣ್ಣಿ ಅಂದ್ರ ಏನು, ಮಜ್ಜನ ಅಂದ್ರ ಏನು ಅಂತ ಬಿಡಿಸಿ ಹೇಳಿದಳು. ಅಷ್ಟರಲ್ಲಿ ನಂದಿಕೋಲು ಬಂತು. ಇಬ್ಬರೂ ಎದ್ದು ಪಕ್ಕಕ್ಕೆ ಸರಿದರು.

ಚಿತ್ರ ಮುಂದಿನ ವರ್ಷ ಮತ್ತೆ ಬರ್ತದ, ಆ ಚಿಂತೆ ನನಗಿಲ್ಲ. ಅರ್ಥ ಹೇಳೋರು ಪಕ್ಕದಲ್ಲಿ ಇರ್ತಾರೋ ಇಲ್ಲೋ, ಅದೇ ನನ್ನ ಪ್ರಶ್ನೆ. ಅದಕ್ಕೇ ಈ ಸಲ ಫೋಟೊದ ಜೊತೆ ಅವ್ವನ ಮಾತನ್ನೂ ಧ್ವನಿಮುದ್ರಿಸಿಕೊಂಡಿದ್ದೇನೆ. ನಿಮ್ಮ ಗಡಿಯೂರುಗಳ ಜಾತ್ರೆಗಳಲ್ಲೂ ಇಂಥ ಹೆಸರುಗಳಿದ್ದರೆ ಚರ್ಚೆಯಲ್ಲಿ ದಯವಿಟ್ಟು ಹೇಳ್ರಿ.